ಕಿವಿ ಕೆಳಗಾಯಿತು

ಬೆಳಗ್ಗೆ ಒಂಬತ್ತಕ್ಕೆ ಚಿತ್ರಕಲೆ, ಮೊದಲ ಪಾಠ.
ಮಧ್ಯಾಹ್ನ ಎರಡಕ್ಕೆ ಮುರಿದದ್ದನ್ನು ಕೂಡಿಸುವ ನ್ಯಾಯ, ಅದೂ ಮೊದಲ ಪಾಠ.
ಯಾರ್ಮತ್ತಿನ ಕಾಲೇಜಿನಲ್ಲಿ ನೆಟ್ಟಗೆ ಬೆಚ್ಚಗಾಗುವ ಕೋಣೆ ಒಂದೇ,
ಹಾಗಾಗಿ ಎರಡಕ್ಕೂ ಅದೇ ಕುರ್ಚಿ, ಅದೇ ಕಿಟಕಿ,
ಕಿಟಕಿಯಾಚೆ ಬಂದರನ್ನು ನುಂಗಿ ಕೂತ ಅದೇ ಮಂಜು.

ನನಗೆ ನಲವತ್ತೇಳು. ಪಕ್ಕದ ಹುಡುಗಿಗೆ ಹದಿನೆಂಟು.
ದೋಣಿಯಲ್ಲಿ ಬೆನ್ನು ಹೋದಮೇಲೆ ಫೀಸು ಸರ್ಕಾರದ್ದು:
ಏನಾದರೂ ಕಲಿ ವೆಂಡೆಲ್, ಅಂದರು.
ಪಟ್ಟಿಯ ಮೇಲೆ ಕಣ್ಣು ಮುಚ್ಚಿ ಬೆರಳಿಟ್ಟೆ ಅಂತ ಎಲ್ಲರಿಗೂ ಹೇಳಿದ್ದೇನೆ.
ಒಂದಕ್ಕೆ ಹಾಗೆಯೇ ಇಟ್ಟೆ.
ಇನ್ನೊಂದಕ್ಕೆ ಕಣ್ಣು ತೆರೆದಿತ್ತು.

ಅಮಿರೋ ಮೇಡಂ ಹೇಳುತ್ತಾರೆ:
ಗೊತ್ತಿರುವುದನ್ನು ಬರೆಯಬೇಡಿ, ಕಾಣುವುದನ್ನು ಬರೆಯಿರಿ.
ಮೂಗು ಅಂದುಕೊಂಡಿರೋ, ಮೂಗು ಕೆಟ್ಟಿತು;
ಅದು ಬರೀ ನೆರಳು, ಒಂದು ಅಂಚು, ಅಂಚಿನಾಚೆಯ ಖಾಲಿ.
ಡಬ್ಬಿಯಿಂದ ಇದ್ದಿಲ ಕಡ್ಡಿ ಹಂಚಿದರು,
ಗಾಳಿಯಾಡದ ಡಬ್ಬದಲ್ಲಿಟ್ಟು ಸುಟ್ಟ ವಿಲೋ ರೆಂಬೆ.
ನನಗೆ ಸುಡುವುದು ಗೊತ್ತು.

ಮೂರನೇ ವಾರ ನಮ್ಮೆದುರು ಕೂರಲು ಬಂದವಳು,
ಗಂಟೆಗೆ ಹದಿನೆಂಟು ಡಾಲರಿಗೆ, ಉಣ್ಣೆಯ ಕೋಟು ಬಿಚ್ಚದೆ,
ಓಡೆಟ್ ಡಾಂತ್ರಮೋ. ಎಪ್ಪತ್ತೊಂಬತ್ತು.
ಕಟ್ಟೆಯ ಕೊನೆಗೆ ಅವಳ ಗಂಡನ ಬಲೆಮನೆ ಇತ್ತು:
ನಾನೂರು ಲಾಬ್‌ಸ್ಟರ್ ಬೋನು, ಹಗ್ಗ, ಹಸಿರು ಬಾಗಿಲು.
ನನಗೆ ಹತ್ತೊಂಬತ್ತು, ಎರಡು ಬಾಟಲಿ ರಮ್ಮು, ಒಂದು ಪಂಥ.
ವಿಮೆ ಇರಲಿಲ್ಲ. ಸಾಕ್ಷಿಯೂ ಇರಲಿಲ್ಲ.
ಊರಿಗೆಲ್ಲ ಗೊತ್ತಿತ್ತು;
ಗೊತ್ತಿರುವುದನ್ನು ಯಾರೂ ಬರೆದುಕೊಳ್ಳಲಿಲ್ಲ.

ಈಸಲ್ ಎತ್ತಿಕೊಂಡು ಅವಳ ಬೆನ್ನ ಹಿಂದೆ ಹೋದೆ.
ಎರಡು ಮಂಗಳವಾರ ಬರೀ ತುರುಬು ಬರೆದೆ,
ಕೋಟಿನ ಕಾಲರು, ಒಂದು ಹೇರ್‌ಪಿನ್ನು.
ತುರುಬಿನ ಭಾರ ಚೆನ್ನಾಗಿ ಬಂದಿದೆ, ಅಂದರು ಮೇಡಂ.

ಮಧ್ಯಾಹ್ನ ಕುರ್ಚಿಗಳು ದುಂಡಗಾಗುತ್ತವೆ.
ಸಿಲ್ಲಿಬಾಯ್ ಮೇಡಂ ಮೀಗ್ಮಾ ಜನದವರು, ಮಾತು ಕಮ್ಮಿ.
ಬಲೆಯ ಹಳೇ ಬೆಂಡೊಂದನ್ನು ಕೈಯಿಂದ ಕೈಗೆ ದಾಟಿಸುತ್ತಾರೆ:
ಬೆಂಡು ಹಿಡಿದವರದೇ ಮಾತು.
ಬೋರ್ಡಿನ ಮೇಲೆ ಮೂರು ಪ್ರಶ್ನೆ.
ಯಾರಿಗೆ ನೋವಾಯಿತು? ಅವರಿಗೆ ಏನು ಬೇಕು? ಕೊಡಬೇಕಾದವರು ಯಾರು?
ಯಾವ ಕಾನೂನು ಮುರಿಯಿತು ಅಂತ ಎಲ್ಲೂ ಇಲ್ಲ.
ಹೋಗಿ ಕ್ಷಮೆ ಕೇಳಿಬಿಟ್ಟರಾಯಿತಲ್ಲ, ಅಂದಳು ಹದಿನೆಂಟರ ಹುಡುಗಿ.
ನಿನ್ನ ಹೊರೆ ಇಳಿಸಲು ಅವರ ಹೊಸ್ತಿಲೇ ಬೇಕೇ, ಅಂದರು ಮೇಡಂ,
ಕೇಳಿಸಿಕೊಳ್ಳಲು ತಯಾರಿದ್ದಾರೋ, ಮೊದಲು ಅದನ್ನು ಕೇಳು.
ಸೈಕಲ್ ಕದ್ದಿದ್ದ ಹುಡುಗನಿಗೆ ನಾನು ಬುದ್ಧಿ ಹೇಳಿದೆ;
ಮಸಿಗೆ ಇದ್ದಿಲು.
ಬೆಂಡು ನನ್ನ ಕೈಗೆ ಬಂದಾಗ ಉಪ್ಪಿನ ವಾಸನೆ.
ಪಾಸ್, ಅಂದೆ.

ಐದನೇ ವಾರ ಅಮಿರೋ ಮೇಡಂ ನನ್ನ ಈಸಲನ್ನು ತಾವೇ ಎಳೆದು
ಮುಂದೆ ತಂದಿಟ್ಟರು. ತುರುಬು ಸಾಕು.
ಮೂರು ಗಂಟೆ, ಅವಳ ಮುಖ.
ಬೇರೆಲ್ಲೂ ಯಾರನ್ನೂ ಇಷ್ಟು ಹೊತ್ತು ನೋಡಲು ಬಿಡುವುದಿಲ್ಲ,
ಹೆಂಡತಿಯನ್ನೂ, ಹೆಣವನ್ನೂ.
ಎಡಗಣ್ಣು ಕೊಂಚ ಜೋತಿದೆ. ಬೆರಳ ಗೆಣ್ಣು ಊದಿವೆ.
ಬಲೆ ಹೆಣೆದ ಕೈ; ಬಲೆಮನೆ ಹೋದಮೇಲೆ
ಇಪ್ಪತ್ತೆರಡು ವರ್ಷ ಕಾರ್ಖಾನೆಯ ಮಂಜುಗಡ್ಡೆಯಲ್ಲಿ ಮೀನು ಸೀಳಿದ ಕೈ.
ಇದು ಗೊತ್ತಿರುವುದೋ, ಕಾಣುವುದೋ?
ತಪ್ಪಿದಲ್ಲಿ ಒರೆಸಿದೆ. ಇದ್ದಿಲು ಪೂರ್ತಿ ಹೋಗುವುದಿಲ್ಲ,
ಮೊದಲ ಗೆರೆಯ ಬೂದು ಎರಡನೆಯದರ ಕೆಳಗೇ ಕೂತಿರುತ್ತದೆ.

ವಿರಾಮದಲ್ಲಿ ಅವಳು ಮಂಡಿ ಹಿಡಿದು ಎದ್ದು
ಒಂದೊಂದೇ ಚಿತ್ರ ನೋಡುತ್ತ ಬಂದಳು. ನನ್ನಲ್ಲಿ ನಿಂತಳು.
ಕಿವಿ ಕೆಳಗಾಯಿತು, ಅಂದಳು ಫ್ರೆಂಚಿನಲ್ಲಿ.
ಆಮೇಲೆ ನನ್ನ ಕೈ ನೋಡಿದಳು, ಮಣಿಕಟ್ಟಿನವರೆಗೂ ಕಪ್ಪು.
ಅವತ್ತೂ ಹೀಗೇ ಇತ್ತೇನೋ.

ಬಾಯಿ ತೆರೆದೆ. ಮೂರು ಪ್ರಶ್ನೆಯೂ ಒಟ್ಟಿಗೆ ಬಂದು
ಬಾಗಿಲಲ್ಲಿ ಸಿಕ್ಕಿಕೊಂಡವು.
ಅವಳು ಆಗಲೇ ಕುರ್ಚಿಯ ಕಡೆ ತಿರುಗಿದ್ದಳು:
ಮುಂದಿನ ವಾರವೂ ಬರುತ್ತೇನೆ. ಸರಿಮಾಡು.

ಎರಡಕ್ಕೆ ಬೆಂಡು ಸುತ್ತಿ ಬಂತು.
ನನ್ನ ಬೆರಳ ಕಪ್ಪು ಅದಕ್ಕೂ ಹತ್ತಿತು.
ಪಕ್ಕದ ಹುಡುಗಿ ಕೈ ಚಾಚಿದ್ದಳು;
ನಾನಿನ್ನೂ ಕೊಟ್ಟಿರಲಿಲ್ಲ.